ಬೂಮ್ ಲಿಫ್ಟ್ ಬುಟ್ಟಿಗೂ ಉಕ್ಕಿನ ತೊಲೆಗೂ ನಡುವೆ ಸಿಲುಕದಿರಲು: ಸ್ಟೀಲ್ ಎಬ್ಬಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

ಬೂಮ್ ಲಿಫ್ಟ್ ಅಂದರೆ ಬೂಮ್ ಎಂಬ ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ಜನರನ್ನು ಎತ್ತರಕ್ಕೆ ಒಯ್ಯುವ ಯಂತ್ರ. ಪುಣೆಯ ಚಾಕಣ, ತಳೇಗಾಂವ್, ರಂಜಣಗಾಂವ್ ಕಡೆ ಗೋದಾಮು ಮತ್ತು ಕಾರ್ಖಾನೆ ಶೆಡ್ಡುಗಳ ಸ್ಟೀಲ್ ಎಬ್ಬಿಸುವ ತಂಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಫಿಟ್ಟರುಗಳು, ರಿಗ್ಗರುಗಳು (ಭಾರ ಕಟ್ಟಿ ಎತ್ತಿಸುವವರು) ಇದ್ದೇ ಇರುತ್ತಾರೆ. ಬೆಳಗಿನ ಸುರಕ್ಷತಾ ಮಾತಿನಲ್ಲಿ ಅವರಿಗೆ ಹೆಲ್ಮೆಟ್ ಹಾಕಿ, ಬೆಲ್ಟ್ ಹುಕ್ ಮಾಡಿ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಬೆಲ್ಟ್ ಬೀಳುವುದನ್ನು ತಡೆಯುತ್ತದೆ. ಬುಟ್ಟಿಯ ಕಟಕಟೆಗೂ ತೊಲೆಗೂ ನಡುವೆ ಎದೆ ಅಪ್ಪಚ್ಚಿಯಾಗುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಆ ಅಪಾಯಕ್ಕೆ ಬೇರೆಯದೇ ತಯಾರಿ ಬೇಕು, ಮತ್ತು ಆ ತಯಾರಿಯ ಅರ್ಧಭಾಗ ನೆಲದ ಮೇಲೆಯೇ ನಡೆಯಬೇಕು.

ಈ ಬರಹ ಆಪರೇಟರ್, ಫಿಟ್ಟರ್, ಮುಕಾದಮ್, ಸೈಟ್ ಸುಪರ್‌ವೈಸರ್ ಎಲ್ಲರಿಗೂ. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ.

ಸಿಲುಕುವುದು ಹೇಗೆ

ಆಪರೇಟರ್ ಬುಟ್ಟಿಯ ಕಂಟ್ರೋಲ್ ಪ್ಯಾನೆಲ್‌ಗೆ ಮುಖ ಮಾಡಿ ನಿಂತಿರುತ್ತಾನೆ. ಒಂದು ಕಾಲು ಪೆಡಲ್ ಮೇಲೆ (ಇದನ್ನು ಒತ್ತಿದ್ದರೆ ಮಾತ್ರ ಬುಟ್ಟಿ ಚಲಿಸುತ್ತದೆ), ಒಂದು ಕೈ ಜಾಯ್‌ಸ್ಟಿಕ್ ಮೇಲೆ. ಕಣ್ಣು ಮಾತ್ರ ಮುಂದಿನ ಜಾಯಿಂಟ್ ಮೇಲೆ. ಬುಟ್ಟಿ ಮೇಲಕ್ಕೋ ಹಿಂದಕ್ಕೋ ಸರಿಯುವಾಗ ರಾಫ್ಟರ್ (ಚಾವಣಿಯ ಮುಖ್ಯ ತೊಲೆ) ಅಥವಾ ಪರ್ಲಿನ್ (ರಾಫ್ಟರ್‌ಗಳ ಮೇಲೆ ಅಡ್ಡಲಾಗಿ ಕೂರುವ ಪಟ್ಟಿ) ಅವನ ಬೆನ್ನಿಗೆ, ಕತ್ತಿಗೆ ತಾಗುತ್ತದೆ. ಅವನು ಮುಂದಕ್ಕೆ ಬಗ್ಗುತ್ತಾನೆ. ಬಗ್ಗಿದ ಹೊಟ್ಟೆ ಜಾಯ್‌ಸ್ಟಿಕ್ ಮೇಲೆ ಬೀಳುತ್ತದೆ, ಕಾಲು ಪೆಡಲ್ ಮೇಲೆಯೇ ಸೆಟೆದು ನಿಲ್ಲುತ್ತದೆ. ಯಂತ್ರದ ಲೆಕ್ಕಕ್ಕೆ ಇದು ಆಪರೇಟರ್ ಕೊಟ್ಟ ಆದೇಶವೇ. ಅದು ಅದೇ ದಿಕ್ಕಿಗೆ ಒತ್ತುತ್ತಲೇ ಹೋಗುತ್ತದೆ.

ಕಟಕಟೆಯ ಎತ್ತರ ಸಾಮಾನ್ಯವಾಗಿ 1.1 ಮೀಟರ್. ನಿಂತ ಮನುಷ್ಯನ ಎದೆ, ತಲೆ ಎರಡೂ ಅದಕ್ಕಿಂತ ಮೇಲಿರುತ್ತವೆ. ಹಾಗಾಗಿ ಬುಟ್ಟಿ ತೊಲೆಯ ಕೆಳಗೆ ನುಸುಳಬಲ್ಲ ಜಾಗದಲ್ಲಿ ಮನುಷ್ಯ ನುಸುಳಲಾರ. ಬುಟ್ಟಿ ಸೆಕೆಂಡಿಗೆ 30 ಸೆಂ.ಮೀ. ವೇಗದಲ್ಲಿ ಚಲಿಸುತ್ತಿದ್ದರೂ ತಲೆಯ ಮೇಲೆ ಉಳಿದ ಒಂದಡಿ ಜಾಗ ಒಂದೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ನೋಡಿ, ಅರ್ಥ ಮಾಡಿಕೊಂಡು, ಕಾಲು ಎತ್ತುವುದು ಬಹಳ ಕಷ್ಟ.

ಇನ್ನೊಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಿ. ಎದೆ ಒತ್ತಿದವನಿಗೆ ಕೂಗಲು ಉಸಿರೇ ಇರುವುದಿಲ್ಲ. ಕೆಳಗಿನಿಂದ ನೋಡುವವರಿಗೆ ಅವನು ಪ್ಯಾನೆಲ್ ಮೇಲೆ ಬಗ್ಗಿ ಏನೋ ಹುಡುಕುತ್ತಿದ್ದಾನೆ ಅನಿಸುತ್ತದೆ. ಉಸಿರು ಪೂರ್ತಿ ನಿಂತರೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಚಾಕಣದ ಟ್ರಾಫಿಕ್ ದಾಟಿ ಆಂಬುಲೆನ್ಸ್ ಬರುವವರೆಗೆ ಕಾಯುವ ಹೊತ್ತು ಅಲ್ಲಿಲ್ಲ. ಅವನನ್ನು ಬಿಡಿಸಬೇಕಾದವರು ಆಗಲೇ ಅಲ್ಲಿ ನಿಂತಿರಬೇಕು.

ಹಂತ 1: ಯಂತ್ರ ಬರುವ ಮೊದಲು ಡ್ರಾಯಿಂಗ್ ಮುಂದೆ ಕುಳಿತು

ಅಪಘಾತದ ಬೀಜ ಬೀಳುವುದು ಎರೆಕ್ಷನ್ ಕ್ರಮದಲ್ಲಿ, ಅಂದರೆ ಯಾವ ಉಕ್ಕನ್ನು ಮೊದಲು ಎಬ್ಬಿಸುತ್ತೇವೆ ಎಂಬುದರಲ್ಲಿ. ಒಂದು ಬೇಯ, ಅಂದರೆ ಎರಡು ಕಂಬಸಾಲುಗಳ ನಡುವಿನ ಅಂಕಣದ ಪರ್ಲಿನ್‌ಗಳನ್ನೆಲ್ಲ ಕೂರಿಸಿದ ಮೇಲೆ ರಾಫ್ಟರ್ ಜಾಯಿಂಟ್‌ನ ಬೋಲ್ಟ್ ಟೈಟ್ ಮಾಡಲು ಹೊರಟರೆ ಬುಟ್ಟಿಯನ್ನು ಪರ್ಲಿನ್ ಸಂದಿಯಲ್ಲಿ ತೂರಿಸಬೇಕಾಗುತ್ತದೆ. ಪರ್ಲಿನ್ ಅಂತರ ಎಷ್ಟೋ ಶೆಡ್ಡುಗಳಲ್ಲಿ 1.2ರಿಂದ 1.5 ಮೀಟರ್. ಬೂಮ್ ಲಿಫ್ಟ್ ಬುಟ್ಟಿಯ ಒಂದು ಸಾಮಾನ್ಯ ಅಳತೆ 1.83 ಮೀಟರ್ ಉದ್ದ, 0.76 ಮೀಟರ್ ಅಗಲ. ಅಗಲದ ಕಡೆಯಿಂದ ತೂರಿಸಿದರೂ ಎರಡು ಬದಿಗೆ ಉಳಿಯುವುದು ತಲಾ 22ರಿಂದ 37 ಸೆಂ.ಮೀ. ಅಲ್ಲಿ ಬೂಮ್ ಸ್ವಲ್ಪ ತೂಗಿದರೂ ಮೊಣಕೈ, ಭುಜ, ತಲೆ ಉಕ್ಕಿಗೆ ಸಿಗುತ್ತವೆ.

ಆದ್ದರಿಂದ ಕ್ರಮ ಹೀಗಿರಲಿ. ಚೌಕಟ್ಟು ನಿಲ್ಲಲು ಡ್ರಾಯಿಂಗ್‌ನಲ್ಲಿ ತೋರಿಸಿದ ಬ್ರೇಸಿಂಗ್ (ಅಡ್ಡ ಆಸರೆ), ಗೈ ರೋಪ್ (ಎಳೆದು ಬಿಗಿದ ಆಸರೆ ಹಗ್ಗ), ಅಗತ್ಯವಿರುವ ಪರ್ಲಿನ್‌ಗಳು ಮೊದಲು. ಅವು ಕೂತ ತಕ್ಷಣ ಆ ಬೇ ಜಾಯಿಂಟ್‌ಗಳ ಅಂತಿಮ ಟಾರ್ಕ್ (ಬೋಲ್ಟ್ ಬಿಗಿತ). ಉಳಿದ ಪರ್ಲಿನ್‌ಗಳು ಅದಾದ ಮೇಲೆ. ಬ್ರೇಸಿಂಗ್ ಮುಂದೂಡಿ ಜಾಗ ಮಾಡಿಕೊಳ್ಳಬೇಡಿ. ಅದು ಚೌಕಟ್ಟನ್ನೇ ಬೀಳಿಸುವ ದಾರಿ. ಪ್ರತಿ ಜಾಯಿಂಟ್‌ಗೆ ಬುಟ್ಟಿ ಎಲ್ಲಿ ನಿಲ್ಲುತ್ತದೆ, ಯಾವ ಕಡೆಯಿಂದ ಒಳಗೆ ಹೋಗಿ ಯಾವ ಕಡೆಯಿಂದ ಹೊರಗೆ ಬರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಹೊರಬರುವ ದಾರಿ ಹೊಳೆಯದಿದ್ದರೆ ಆ ಜಾಯಿಂಟ್‌ಗೆ ಬೇರೆ ಯಂತ್ರ ಬೇಕು, ಇಲ್ಲವೇ ಸ್ಕಾಫೋಲ್ಡ್ ಬೇಕು.

ಯಂತ್ರದ ಆಯ್ಕೆ: ಸಮತಟ್ಟು ಕಾಂಕ್ರೀಟ್ ನೆಲ, ನೇರ ಮೇಲಿನ ಕೆಲಸ ಇದ್ದರೆ ಸಿಸರ್ ಲಿಫ್ಟ್ (ಕತ್ತರಿ ತೋಳುಗಳ ಮೇಲೆ ನೇರ ಏರುವ ವೇದಿಕೆ). ಅಡ್ಡಿಯೇ ಇಲ್ಲದ ದೂರದ ಕೆಲಸಕ್ಕೆ ನೇರ ಟೆಲಿಸ್ಕೋಪಿಕ್ (ಒಂದರೊಳಗಿಂದ ಒಂದು ಚಾಚುವ) ಬೂಮ್. ಏನನ್ನಾದರೂ ದಾಟಿ ಮೇಲೆ ಹೋಗಿ ಬಾಗಬೇಕಿದ್ದರೆ ಜಿಬ್ (ತುದಿಯ ಸಣ್ಣ ತೋಳು) ಇರುವ ಆರ್ಟಿಕ್ಯುಲೇಟಿಂಗ್ (ಕೀಲುಗಳಲ್ಲಿ ಮಡಚುವ) ಬೂಮ್. ನೇರ ಬೂಮ್ ತಂದು ಉಕ್ಕಿನ ನಡುವೆ ಹೆಣಗಾಡಿಸುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಬಾಡಿಗೆಗೆ ಯಾವುದು ಸಿಕ್ಕಿತೋ ಅದನ್ನೇ ತರಿಸುವುದರಿಂದ ಹೀಗಾಗುತ್ತದೆ.

ಬಾಡಿಗೆ ಆರ್ಡರ್‌ನಲ್ಲಿ ಒಂದು ಸಾಲು ಬರೆದೇ ಬರೆಯಿರಿ: ಆಪರೇಟರ್ ಪ್ಯಾನೆಲ್ ಮೇಲೆ ಒತ್ತಿಬಿದ್ದರೆ ಯಂತ್ರ ನಿಲ್ಲಿಸುವ ಸೆಕೆಂಡರಿ ಗಾರ್ಡ್ ಇರಬೇಕು. ಜೆಎಲ್‌ಜಿ ಕಂಪನಿಯ ಯಂತ್ರಗಳಲ್ಲಿ ಇದನ್ನು ಸ್ಕೈಗಾರ್ಡ್ ಅನ್ನುತ್ತಾರೆ, ಜೀನಿಯಲ್ಲಿ ಕಾಂಟ್ಯಾಕ್ಟ್ ಅಲಾರ್ಮ್, ಹಾಲೊಟ್‌ನಲ್ಲಿ ಆಕ್ಟಿವ್ ಶೀಲ್ಡ್ ಬಾರ್. ಪ್ಯಾನೆಲ್ ಮುಂದಿನ ಪಟ್ಟಿಗೋ ತಂತಿಗೋ ದೇಹ ಒತ್ತಿದರೆ ಚಲನೆ ನಿಂತು ಸೈರನ್ ಆಗುತ್ತದೆ. ಕೆಲವು ಮಾದರಿಗಳು ಕೊನೆಯ ಚಲನೆಯನ್ನು ಕ್ಷಣಕಾಲ ಹಿಂದಕ್ಕೂ ತಿರುಗಿಸುತ್ತವೆ. ಇದು ಪ್ಯಾನೆಲ್ ಮುಂದೆ ನಿಂತವನಿಗೆ ಮಾತ್ರ. ಬುಟ್ಟಿಯ ಇನ್ನೊಂದು ತುದಿಯಲ್ಲಿ ನಿಂತ ಎರಡನೇ ಫಿಟ್ಟರ್‌ಗೆ ಇದರಿಂದ ಯಾವ ರಕ್ಷಣೆಯೂ ಇಲ್ಲ.

ಹಂತ 2: ಕೈಯಲ್ಲಿ ಇರಬೇಕಾದ ಸಾಮಾನು

ಯಂತ್ರದ ಕೈಪಿಡಿ ಬುಟ್ಟಿಯ ಡಬ್ಬಿಯಲ್ಲೇ ಇರಬೇಕು. ಎರಡು ವಾಕಿಟಾಕಿ, ಒಂದು ಗಟ್ಟಿ ಸೀಟಿ, ಅಳತೆ ಟೇಪು, ಗಾಳಿಯ ವೇಗ ಅಳೆಯುವ ಮೀಟರ್, ತಡೆ ಹಾಕಲು ಕೋನ್ ಮತ್ತು ಟೇಪು, ಮೆತ್ತನೆ ನೆಲಕ್ಕೆ ಮರದ ಅಥವಾ ಉಕ್ಕಿನ ಹಾಸು. ಹೊರಾಂಗಣ ಮಾದರಿಗಳಿಗೆ ಗಾಳಿಯ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಒಳಾಂಗಣಕ್ಕೆಂದೇ ಮಾಡಿದ ಸಿಸರ್‌ಗಳನ್ನು ಹೊದಿಕೆ ಹಾಕದ ಶೆಡ್ಡಿನಲ್ಲಿ ಎತ್ತಲೇಬೇಡಿ.

ಬೆಲ್ಟ್ ಅಂದರೆ ಐಎಸ್ 3521 (ಭಾರತೀಯ ಮಾನಕ) ಗುರುತಿನ ಪೂರ್ಣ ದೇಹದ ಹಾರ್ನೆಸ್, ಜೊತೆಗೆ ಉದ್ದ ಕಡಿಮೆ ಮಾಡಬಲ್ಲ ಲ್ಯಾನ್‌ಯಾರ್ಡ್ (ಹುಕ್ ಇರುವ ಕಟ್ಟುಹಗ್ಗ). ಹುಕ್ ಬುಟ್ಟಿಯೊಳಗಿನ ಆ್ಯಂಕರ್‌ಗೆ ಮಾತ್ರ. ಪರ್ಲಿನ್‌ಗೆ ಹುಕ್ ಹಾಕಿ ಬುಟ್ಟಿ ಸರಿಸಿದರೆ ಯಂತ್ರ ಮನುಷ್ಯನನ್ನೇ ಎಳೆಯುತ್ತದೆ.

ಹಂತ 3: ನೆಲ

ಪುಣೆ ಸುತ್ತ ಕಪ್ಪು ಮಣ್ಣಿನ ಮೇಲೆ ಮುರುಮ್ (ಗರಸು ಮಣ್ಣು) ಹರಡಿದ ಸೈಟುಗಳು ಬಹಳ. ಬೇಸಿಗೆಯಲ್ಲಿ ಕಲ್ಲಿನಂತೆ ಕಂಡ ನೆಲ ಜೂನ್ ಮಳೆಗೆ ಮೆತ್ತಗಾಗುತ್ತದೆ. ಅತಿ ಕೆಟ್ಟ ಜಾಗ ಪೆಡೆಸ್ಟಲ್‌ಗಳ (ಕಂಬ ಕೂರುವ ಕಾಂಕ್ರೀಟ್ ಪೀಠಗಳ) ಸುತ್ತ ತುಂಬಿದ ಮಣ್ಣು ಮತ್ತು ಕೇಬಲ್ ಟ್ರೆಂಚ್. ಬೂಮ್ ಲಿಫ್ಟ್ ನಿಲ್ಲುವುದು ನಿಖರವಾಗಿ ಅಲ್ಲೇ, ಯಾಕೆಂದರೆ ಕಂಬ ಇರುವುದು ಅಲ್ಲಿ.

ನೆಲಕ್ಕೂ ಮೇಲೆ ಸಿಲುಕುವುದಕ್ಕೂ ಏನು ಸಂಬಂಧ? ಲೆಕ್ಕ ಹಾಕಿ. ಎರಡು ಬದಿಯ ಚಕ್ರಗಳ ನಡುವೆ 2 ಮೀಟರ್ ಅಂತರ ಇದೆ, ಒಂದು ಬದಿ 5 ಸೆಂ.ಮೀ. ಕುಸಿಯಿತು ಅಂದುಕೊಳ್ಳಿ. 15 ಮೀಟರ್ ಎತ್ತರದಲ್ಲಿ ಬುಟ್ಟಿ ಸುಮಾರು 37 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಪರ್ಲಿನ್ ಸಂದಿಯಲ್ಲಿ ನೀವು ಬಿಟ್ಟುಕೊಂಡ ಜಾಗ ಅಷ್ಟೇ ಇತ್ತು.

1. ಯಂತ್ರ ಓಡಾಡುವ ದಾರಿಯನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಿ. ಗುಂಡಿ, ಮುಚ್ಚಿದ ಚೇಂಬರ್, ಹೊಸ ಭರ್ತಿಗೆ ಸುಣ್ಣದ ಗುರುತು ಹಾಕಿ.
2. ಭರ್ತಿ ಮಣ್ಣಿನ ಮೇಲೆ ಹಾಸು ಹಾಕದೆ ನಿಲ್ಲಿಸಬೇಡಿ.
3. ಬೂಮ್ ಎತ್ತಿಟ್ಟುಕೊಂಡು ಗುಂಡಿ, ಬೋಲ್ಟ್ ಚೂರು, ಆ್ಯಂಗಲ್ ತುಂಡಿನ ಮೇಲೆ ಓಡಿಸಬೇಡಿ. ಚಕ್ರದ ಸಣ್ಣ ಜಿಗಿತ ಬೂಮ್ ತುದಿಯಲ್ಲಿ ದೊಡ್ಡ ಏಟಾಗುತ್ತದೆ.
4. ಟಿಲ್ಟ್ ಅಲಾರ್ಮ್ (ಯಂತ್ರ ಓರೆಯಾದರೆ ಕೂಗುವುದು) ಹೊಡೆದರೆ ಬೂಮ್ ಒಳಗೆಳೆದು ಕೆಳಗಿಳಿಸಿ. ಅಲಾರ್ಮ್ ವೈರ್ ಕಿತ್ತ ಯಂತ್ರವನ್ನು ಸೈಟ್ ಗೇಟಿನಲ್ಲೇ ವಾಪಸ್ ಕಳಿಸಿ.

ಹಂತ 4: ಬೆಳಗಿನ ತಪಾಸಣೆ, ನೆಲದ ಪ್ಯಾನೆಲ್‌ನಿಂದ ಶುರು

ಎಲ್ಲರೂ ಬುಟ್ಟಿ ಹತ್ತಿ ಅಲ್ಲಿಂದ ಶುರು ಮಾಡುತ್ತಾರೆ. ತಿರುವುಮುರುವು ಮಾಡಿ. ಕೆಳಗಿನಿಂದಲೇ ಬುಟ್ಟಿ ನಡೆಸಲು ಯಂತ್ರದ ಬುಡದಲ್ಲಿರುವ ನೆಲದ ಪ್ಯಾನೆಲ್ ಬುಟ್ಟಿಯಲ್ಲಿ ಯಾರೂ ಇಲ್ಲದಾಗಲೇ ಪೂರ್ತಿ ಪರೀಕ್ಷೆಯಾಗಬೇಕು. ಪ್ರಾಣ ಉಳಿಸುವುದು ಅದು.

1. ಕೀಯನ್ನು ಗ್ರೌಂಡ್ ಕಡೆ ತಿರುಗಿಸಿ. ಎತ್ತುವುದು, ಇಳಿಸುವುದು, ತಿರುಗಿಸುವುದು, ಉದ್ದ ಮಾಡುವುದು, ಎಳೆದುಕೊಳ್ಳುವುದು ಒಂದೊಂದಾಗಿ ನೋಡಿ.
2. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿ. ಎಲ್ಲ ನಿಲ್ಲಬೇಕು. ಬಟನ್ ಹೊರಗೆಳೆದು ಮತ್ತೆ ಶುರು ಮಾಡಿ.
3. ಎಂಜಿನ್ ಆಫ್ ಮಾಡಿ, ಆಕ್ಸಿಲರಿ ಪಂಪ್ ಒಂದರಿಂದಲೇ ಬೂಮ್ ಸ್ವಲ್ಪ ಇಳಿಸಿ ನೋಡಿ. ಇದು ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪ್. ಬ್ಯಾಟರಿ ಸತ್ತಿದ್ದರೆ ಬೇಕಾದ ದಿನ ಕೈಕೊಡುತ್ತದೆ. ಇದೊಂದನ್ನೇ ಹೆಚ್ಚಿನವರು ಬಿಡುವುದು.
4. ಬುಟ್ಟಿಯ ಕೆಂಪು ಬಟನ್ ಒತ್ತಿಟ್ಟು, ಆಗಲೂ ನೆಲದಿಂದ ಬೂಮ್ ಇಳಿಸಲು ಆಗುತ್ತದೆಯೇ ನೋಡಿ. ಹಲವು ಮಾದರಿಗಳಲ್ಲಿ ಆಗುತ್ತದೆ. ನಿಮ್ಮ ಯಂತ್ರದ ಸ್ವಭಾವ ನಿಮಗೆ ಮೊದಲ ಬೆಳಿಗ್ಗೆಯೇ ಗೊತ್ತಿರಬೇಕು.

ಈಗ ಬುಟ್ಟಿ. ಪೆಡಲ್ ಒತ್ತದೆ ಜಾಯ್‌ಸ್ಟಿಕ್ ತಳ್ಳಿ: ಏನೂ ಅಲುಗಬಾರದು. ಪೆಡಲ್ ಒತ್ತಿ ಚಲಿಸಿ, ಚಲನೆಯ ಮಧ್ಯದಲ್ಲೇ ಕಾಲು ಎತ್ತಿ: ನಿಲ್ಲಬೇಕು. ಸೆಕೆಂಡರಿ ಗಾರ್ಡ್ ಪಟ್ಟಿಯನ್ನು ಕೈಯಿಂದ ಒತ್ತಿ: ನಿಂತು ಸೈರನ್ ಬರಬೇಕು. ಜಾಯ್‌ಸ್ಟಿಕ್ ಬಿಟ್ಟಾಗ ತಾನಾಗಿ ಮಧ್ಯಕ್ಕೆ ಮರಳದೆ ಜಿಗುಟಾಗಿ ನಿಂತರೆ ಆ ದಿನ ಯಂತ್ರ ಎತ್ತಬೇಡಿ.

ಪೆಡಲ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಇಟ್ಟಿಗೆ ಚೂರು, ಮರದ ಬೆಣೆ, ಬೈಂಡಿಂಗ್ ವೈರ್, ಹೀಗೆ ಕೈಗೆ ಸಿಕ್ಕಿದ್ದರಿಂದ ಪೆಡಲನ್ನು ಒತ್ತಿಟ್ಟಿರುವುದು ಸೈಟುಗಳಲ್ಲಿ ಕಾಣಸಿಗುತ್ತದೆ. ಕಾಲು ನೋಯುತ್ತದೆ ಎಂಬುದು ಕಾರಣ. ಪೆಡಲ್ ಬೇಕಾಗುವುದು ಬುಟ್ಟಿ ಸರಿಸುವಾಗ ಮಾತ್ರ. ಬೋಲ್ಟ್ ಬಿಗಿಯುವಾಗ ಕಾಲು ಕೆಳಗೆ ಆರಾಮವಾಗಿ ಇರಬಹುದು, ಇರಲೇಬೇಕು. ಬೆಣೆ ಹಾಕಿದ ಪೆಡಲ್ ಎಂದರೆ ಟೂಲ್ ಬ್ಯಾಗು ಜಾಯ್‌ಸ್ಟಿಕ್‌ಗೆ ತಾಗಿದರೂ ಬುಟ್ಟಿ ಓಡುತ್ತದೆ ಎಂದರ್ಥ. ಕೆಲವು ಮಾದರಿಗಳು ಪೆಡಲ್ ಒತ್ತಿ ಕೆಲವು ಸೆಕೆಂಡು ಏನನ್ನೂ ಚಲಿಸದಿದ್ದರೆ ತಾವೇ ಕಂಟ್ರೋಲ್ ಕಡಿಯುತ್ತವೆ. ಎಲ್ಲ ಯಂತ್ರಗಳಿಗೂ ಆ ಬುದ್ಧಿ ಇಲ್ಲ. ಪೆಡಲ್ ಕೆಳಗೆ ಒಣಗಿದ ಕೆಸರು, ನಟ್ಟು, ವಾಷರ್ ಸೇರಿಕೊಂಡು ಅರ್ಧಕ್ಕೆ ಸಿಕ್ಕಿಕೊಳ್ಳುವುದೂ ಇದೆ. ಪ್ರತಿ ಬೆಳಿಗ್ಗೆ ಬಗ್ಗಿ ನೋಡಿ, ಕೈಯಾಡಿಸಿ ತೆಗೆಯಿರಿ.

ಹಂತ 5: ನೆಲದ ಮನುಷ್ಯನನ್ನು ನೇಮಿಸಿ

ಇದು ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ. ಬುಟ್ಟಿ ಉಕ್ಕಿನ ನಡುವೆ ಇರುವಷ್ಟು ಹೊತ್ತೂ ಕೆಳಗೆ ಒಬ್ಬ ಇರಬೇಕು. ನೆಲದ ಪ್ಯಾನೆಲ್ ಬಳಸಲು ಅವನಿಗೆ ಬರಬೇಕು. ಬುಟ್ಟಿಯನ್ನು ನೋಡುತ್ತಿರುವುದೇ ಅವನ ಕೆಲಸ. ಬೋಲ್ಟ್ ಎಣಿಸಲು, ಚಹಾ ತರಲು, ಟ್ಯಾಗ್‌ಲೈನ್ (ಎತ್ತುವ ತೊಲೆ ತೂಗದಂತೆ ಕಟ್ಟಿದ ಹಗ್ಗ) ಹಿಡಿಯಲು ಅವನನ್ನು ಕಳಿಸಬಾರದು. ಎರಡು ಯಂತ್ರಕ್ಕೆ ಒಬ್ಬನನ್ನೇ ಇಟ್ಟರೆ ಯಾರನ್ನೂ ಇಟ್ಟಂತಾಗುವುದಿಲ್ಲ.

ಕೀ ಯಂತ್ರದಲ್ಲೇ ಇರಬೇಕು. ಆಪರೇಟರ್ ಕೀ ಕಿತ್ತು ಜೇಬಿಗೆ ಹಾಕಿಕೊಂಡು ಮೇಲೆ ಹೋಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ನೆಲದ ಪ್ಯಾನೆಲ್‌ನ ಮುಚ್ಚಳಕ್ಕೆ ಬೀಗ ಬೇಡ. ಪ್ಯಾನೆಲ್ ಇರುವ ಬದಿಯನ್ನು ಗೋಡೆಗೋ ಉಕ್ಕಿನ ರಾಶಿಗೋ ಆನಿಸಿ ಯಂತ್ರ ನಿಲ್ಲಿಸಬೇಡಿ.

ಭಾಷೆಯ ತೊಡಕು ಸಣ್ಣದಲ್ಲ. ಆಪರೇಟರ್ ಬಿಹಾರದವನು, ಫಿಟ್ಟರ್ ಯಾದಗಿರಿಯವನು, ಕ್ರೇನ್ ಡ್ರೈವರ್ ಸ್ಥಳೀಯ ಮರಾಠಿ. ಒಬ್ಬ ಥಾಂಬಾ ಅಂದರೆ, ಇನ್ನೊಬ್ಬ ರುಕೋ ಅಂದರೆ, ಮತ್ತೊಬ್ಬ ನಿಲ್ಲಸೋ ಅಂತ ಕೂಗಿದರೆ ಒಂದು ಸೆಕೆಂಡು ಹಾಳು. ನಿಲ್ಲಿಸಲು ಇಡೀ ಸೈಟಿಗೆ ಒಂದೇ ಪದ, ಒಂದೇ ಸೀಟಿ ಗುರುತು ಇರಲಿ. ಸೀಟಿ ಯಾರು ಊದಿದರೂ, ಹೆಲ್ಪರ್ ಊದಿದರೂ, ಮೊದಲು ನಿಲ್ಲಬೇಕು, ಆಮೇಲೆ ಕೇಳಬೇಕು.

ಅಭ್ಯಾಸ ಹೀಗೆ ಮಾಡಿ: ಖಾಲಿ ಬುಟ್ಟಿಯನ್ನು ನಾಲ್ಕು ಮೀಟರ್ ಎತ್ತಿ ನಿಲ್ಲಿಸಿ. ನೆಲದವನಿಗೆ ಹೇಳದೆ ಸೀಟಿ ಊದಿ. ಅವನು ಪ್ಯಾನೆಲ್ ತಲುಪಿ, ಕೀ ತಿರುಗಿಸಿ, ಬುಟ್ಟಿ ಇಳಿಸಲು ಶುರು ಮಾಡುವವರೆಗೆ ಗಡಿಯಾರ ನೋಡಿ. ಒಂದು ನಿಮಿಷ ದಾಟಿದರೆ ಮತ್ತೆ ಮಾಡಿಸಿ. ಯಂತ್ರ ಬದಲಾದ ದಿನವೂ ಮಾಡಿಸಿ, ಯಾಕೆಂದರೆ ಪ್ಯಾನೆಲ್ ವಿನ್ಯಾಸ ಕಂಪನಿಯಿಂದ ಕಂಪನಿಗೆ ಬೇರೆ.

ಹಂತ 6: ಮೇಲೆ ಹೋಗುವುದು

1. ಬುಟ್ಟಿಯಲ್ಲಿ ಏನೇನಿದೆ ನೋಡಿ. ಸಾಮರ್ಥ್ಯ ಹಲವು ಮಾದರಿಗಳಲ್ಲಿ 227 ಅಥವಾ 230 ಕೆ.ಜಿ. ಇಬ್ಬರು, ಅವರ ಹಾರ್ನೆಸ್, ಇಂಪ್ಯಾಕ್ಟ್ ರೆಂಚ್, ಒಂದು ಚೀಲ ಎಂ20 ಬೋಲ್ಟ್ ಸೇರಿದರೆ ಮಿತಿ ಹತ್ತಿರವೇ ಬಂದಿರುತ್ತದೆ.

2. ಟೂಲ್ ಬ್ಯಾಗನ್ನು ಪ್ಯಾನೆಲ್‌ನಿಂದ ದೂರದ ಮೂಲೆಗೆ ಕಟ್ಟಿ. ಪ್ಯಾನೆಲ್ ಮೇಲೆ ಸ್ಪ್ಯಾನರ್ ಇಡಬೇಡಿ.

3. ವೇಗದ ನಾಬ್ ಮೊದಲಿಂದಲೇ ಆಮೆ ಚಿತ್ರದ ಕಡೆ ಇರಲಿ. ಉಕ್ಕಿನಿಂದ ಎರಡು ಮೀಟರ್ ದೂರ ಇರುವಾಗಿನಿಂದ ಇದು ಕಡ್ಡಾಯ.

4. ಪ್ರತಿ ಚಲನೆಗೂ ಈ ಕ್ರಮ: ತಲೆಯ ಮೇಲೆ ನೋಡು, ಬೆನ್ನ ಹಿಂದೆ ನೋಡು, ಜೊತೆಗಾರನ ಕೈ ಎಲ್ಲಿದೆ ನೋಡು, ಆಮೇಲೆ ಪೆಡಲ್. ನೋಡುವಾಗ ಪೆಡಲ್ ಮೇಲೆ ಕಾಲು ಇರಬಾರದು. ಕತ್ತು ತಿರುಗಿಸಿದಾಗ ದೇಹವೂ ತಿರುಗಿ ಜಾಯ್‌ಸ್ಟಿಕ್ ಕದಲುತ್ತದೆ.

5. ಒಂದು ಸಲಕ್ಕೆ ಒಂದೇ ಚಲನೆ. ಎತ್ತುತ್ತಾ ತಿರುಗಿಸುವುದನ್ನು ಬಯಲಲ್ಲಿ ಮಾಡಿ, ಉಕ್ಕಿನ ಒಳಗೆ ಬೇಡ.

6. ಒಳಗೆ ನುಗ್ಗಿದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಅನುಭವಿಗಳೂ ಸಿಗುವುದು ಇಲ್ಲೇ. ಒಳಗೆ ಹೋಗುವಾಗ ಕಣ್ಣು ಮುಂದೆ, ದಾರಿ ಮುಂದೆ. ಕೆಲಸ ಮುಗಿದು ಹೊರಬರುವಾಗ ಬೆನ್ನು ರಾಫ್ಟರ್ ಕಡೆ ಇರುತ್ತದೆ, ಮನಸ್ಸು ಮುಂದಿನ ಜಾಯಿಂಟ್‌ನಲ್ಲಿರುತ್ತದೆ. ಹೊರಬರುವಾಗ ನೆಲದವನು ವಾಕಿಟಾಕಿಯಲ್ಲಿ ದಾರಿ ಹೇಳಬೇಕು. ಅವನು ಸುಮ್ಮನಾದರೆ ನೀವೂ ನಿಲ್ಲಬೇಕು.

7. ಟರ್ನ್‌ಟೇಬಲ್ (ಬೂಮ್ ಹೊತ್ತು ತಿರುಗುವ ಭಾಗ) ತಿರುಗಿ ಬೂಮ್ ಹಿಂದಿನ ಚಕ್ರಗಳನ್ನು ದಾಟಿ ಇನ್ನೊಂದು ಕಡೆ ಬಂದಿದ್ದರೆ ಡ್ರೈವ್ ಮತ್ತು ಸ್ಟಿಯರಿಂಗ್ ಉಲ್ಟಾ ಆಗುತ್ತವೆ. ಮುಂದೆ ತಳ್ಳಿದರೆ ಯಂತ್ರ ನಿಮ್ಮ ಬೆನ್ನಿನ ಕಡೆ ಹೋಗುತ್ತದೆ. ಚಾಸಿ (ಚಕ್ರಗಳಿರುವ ಕೆಳಚೌಕಟ್ಟು) ಮೇಲಿನ ಬಣ್ಣದ ಬಾಣ ಮತ್ತು ಪ್ಯಾನೆಲ್ ಮೇಲಿನ ಬಾಣ ಹೋಲಿಸಿ ನೋಡಿಯೇ ಓಡಿಸಿ. ಬಾಣದ ಮೇಲೆ ಪೇಂಟ್, ಕೆಸರು ಕೂತಿದ್ದರೆ ಒರೆಸಿ. ಎತ್ತಿದ ಬುಟ್ಟಿಯಲ್ಲಿ ತೊಲೆಗಳ ಕೆಳಗೆ ಡ್ರೈವ್ ಮಾಡುವುದನ್ನೇ ತಪ್ಪಿಸಲು ಸಾಧ್ಯವಾದರೆ ತಪ್ಪಿಸಿ: ಇಳಿಸಿ, ಸರಿಸಿ, ಮತ್ತೆ ಎತ್ತಿ.

ಬೆಳಕಿನ ಬಗ್ಗೆ ಒಂದು ಮಾತು. ಸಂಜೆ ಆರರ ನಂತರ ಹ್ಯಾಲೊಜೆನ್ ಕೆಳಗಿನಿಂದ ಹೊಡೆದಾಗ ತಲೆಯ ಮೇಲಿನ ಪರ್ಲಿನ್ ಕತ್ತಲಲ್ಲೇ ಇರುತ್ತದೆ. ದೀಪ ಉಕ್ಕಿನ ಮಟ್ಟದಲ್ಲಿ ಬೇಕು. ಇಲ್ಲದಿದ್ದರೆ ಉಕ್ಕಿನೊಳಗಿನ ಕೆಲಸ ನಾಳೆಗೆ.

ಹಂತ 7: ಕ್ರೇನ್ ಮತ್ತು ಬುಟ್ಟಿ ಒಂದೇ ಜಾಯಿಂಟ್‌ನಲ್ಲಿದ್ದಾಗ

ಆರು ಮೀಟರಿನ ಒಂದು ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ ಐ ಆಕಾರದ) ತೊಲೆಯ ತೂಕ ಸುಮಾರು 265 ಕೆ.ಜಿ. ಬುಟ್ಟಿಯ ಒಟ್ಟು ಸಾಮರ್ಥ್ಯಕ್ಕಿಂತ ಹೆಚ್ಚು. ತೊಲೆಯನ್ನು ಒಂದು ಕ್ಷಣವೂ ಕಟಕಟೆ ಮೇಲೆ ಆನಿಸಬಾರದು, ಬುಟ್ಟಿಯಿಂದ ತಳ್ಳಿ ಕೂರಿಸಬಾರದು. ಯಂತ್ರ ಕ್ರೇನ್‌ನ ಕೆಲಸಕ್ಕೆ ಬಂದದ್ದಲ್ಲ.

ಬುಟ್ಟಿ ನಿಲ್ಲಬೇಕಾದದ್ದು ತೊಲೆ ಬರುವ ದಿಕ್ಕಿಗೆ ಅಡ್ಡವಾಗಿ ಅಲ್ಲ, ಕಂಬದ ಹೊರಬದಿಯಲ್ಲಿ. ತೂಗುವ ತೊಲೆಗೂ ನಿಂತ ಕಂಬಕ್ಕೂ ನಡುವಿನ ಜಾಗದಲ್ಲಿ ಬುಟ್ಟಿ ಇರಲೇಬಾರದು. ಟ್ಯಾಗ್‌ಲೈನ್ ನೆಲದಲ್ಲಿ ಇಬ್ಬರ ಕೈಯಲ್ಲಿ, ಎರಡು ತುದಿಗೆ ಎರಡು. ತೊಲೆ ತೂಗುವುದು ನಿಂತು, ಸಿಗ್ನಲ್‌ಮ್ಯಾನ್ ಕ್ರೇನ್ ನಿಲ್ಲಿಸಿದ ಮೇಲೆ ಬುಟ್ಟಿ ಹತ್ತಿರ ಹೋಗಬೇಕು. ಬೋಲ್ಟ್ ಕೂರುವವರೆಗೆ ಆಮೇಲೆ ಬುಟ್ಟಿ ಕದಲಬಾರದು; ಇಂಚಿಂಚು ಹೊಂದಿಸುವುದು ಕ್ರೇನ್‌ನಿಂದ.

ತೂತು ಸಾಲಾಗುತ್ತಿಲ್ಲ ಎಂದಾಗ ಬೆರಳು ಹಾಕಿ ನೋಡುವವರಿದ್ದಾರೆ. ಅದಕ್ಕೇ ಪೋಡ್ಜರ್ ಸ್ಪ್ಯಾನರ್‌ನ ಮೊನೆ ಮತ್ತು ಡ್ರಿಫ್ಟ್ ಪಿನ್ ಇರುವುದು. ಮೊದಲು ಪಿನ್, ನಂತರ ಡ್ರಾಯಿಂಗ್ ಹೇಳಿದಷ್ಟು ಬೋಲ್ಟ್, ನಂತರವೇ ಕ್ರೇನ್ ಸಡಿಲ. ಕ್ರೇನ್ ಸಡಿಲಿಸುವ ಕ್ಷಣ ತೊಲೆ ಚಿಮ್ಮಬಹುದು, ಹಾಗಾಗಿ ಆಗ ಬುಟ್ಟಿಯನ್ನು ಒಂದು ಕೈ ದೂರ ಹಿಂದಕ್ಕೆ ಸರಿಸಿಟ್ಟಿರಿ.

ಹಂತ 8: ನೆಲಮಟ್ಟದಲ್ಲೂ ಸಿಲುಕುತ್ತಾರೆ

ಬೂಮ್ ತಿರುಗಿದಾಗ ಹಿಂದಿನ ಕೌಂಟರ್‌ವೇಟ್ (ಸಮತೂಕದ ಭಾರ) ಚಾಸಿಯಿಂದ ಹೊರಗೆ ಚಾಚುತ್ತದೆ. ಅದಕ್ಕೂ ಕಂಬಕ್ಕೂ ನಡುವೆ ನೆರಳು ನೋಡಿ ನಿಂತವನು ಮೇಲಿನವನಿಗೆ ಕಾಣುವುದಿಲ್ಲ. ಕೌಂಟರ್‌ವೇಟ್ ಸುತ್ತುವ ವಲಯಕ್ಕೆ ಪೂರ್ತಿ ಕೋನ್ ಹಾಕಿ. ಕಂಬದ ಹತ್ತಿರ ನಿಲ್ಲಿಸುವಾಗ ಒಮ್ಮೆ ನಿಧಾನವಾಗಿ ತಿರುಗಿಸಿ ಎಷ್ಟು ಜಾಗ ಉಳಿಯುತ್ತದೆ ಟೇಪಿನಿಂದ ಅಳೆಯಿರಿ.

ಸಿಸರ್ ಲಿಫ್ಟ್‌ನ ತೋಳುಗಳು ಇಳಿಯುವಾಗ ಅಡಕತ್ತರಿ. ಎತ್ತಿದ ಸಿಸರ್ ಒಳಗೆ ಕೈ ಹಾಕಿ ಕೇಬಲ್ ಸರಿಪಡಿಸುವುದು, ಬಿದ್ದ ನಟ್ಟು ತೆಗೆಯುವುದು ಬೇಡ. ರಿಪೇರಿ ಬೇಕಿದ್ದರೆ ಮೆಕ್ಯಾನಿಕ್ ಬಂದು ಸೇಫ್ಟಿ ಆರ್ಮ್ ಕೂರಿಸಿದ ಮೇಲೆಯೇ.

ನಿಲ್ಲಿಸಲೇಬೇಕಾದ ಸೂಚನೆಗಳು

ಜಾಯ್‌ಸ್ಟಿಕ್ ಬಿಟ್ಟ ಮೇಲೂ ಬುಟ್ಟಿ ಸ್ವಲ್ಪ ಹೊತ್ತು ಸರಿಯುವುದು. ಬುಟ್ಟಿ ತಾನಾಗಿ ಓರೆಯಾಗುವುದು. ಬೂಮ್ ಕೆಳಗೆ ಎಣ್ಣೆಯ ಹನಿ. ಪದೇ ಪದೇ ಓವರ್‌ಲೋಡ್ ಅಲಾರ್ಮ್: ತೂಕ ಸರಿಯಿದ್ದರೆ ಬುಟ್ಟಿ ಎಲ್ಲೋ ಉಕ್ಕಿಗೆ ಒತ್ತಿಕೊಂಡಿದೆ ಎಂದು ಅನುಮಾನಿಸಿ. ಕಟಕಟೆಯ ಮೇಲೆ ಹೊಸ ಗೀರು, ಪರ್ಲಿನ್‌ನ ಪ್ರೈಮರ್ ಬಣ್ಣ ಹತ್ತಿದ ಗುರುತು. ಅದು ನಿನ್ನೆ ಯಾರೋ ತಪ್ಪಿಸಿಕೊಂಡ ಗುರುತು. ಕೇಳಿ ತಿಳಿದುಕೊಳ್ಳಿ, ಬೈಯಬೇಡಿ. ಬೈದರೆ ನಾಳೆಯಿಂದ ಗೀರಿನ ಮೇಲೆ ಪೇಂಟ್ ಬಳಿಯುತ್ತಾರೆ.

ಮನುಷ್ಯರಲ್ಲೂ ಸೂಚನೆಗಳಿವೆ. ಆಪರೇಟರ್ ಕಟಕಟೆಯ ಹೊರಗೆ ಬಾಗಿ ಓಡಿಸುತ್ತಿದ್ದರೆ, ಕಟಕಟೆ ಹತ್ತಿ ಮಧ್ಯದ ಸರಳಿನ ಮೇಲೆ ನಿಂತರೆ, ಫೋನ್ ಕಿವಿಗಿಟ್ಟು ಚಲಿಸಿದರೆ ಆ ಕ್ಷಣ ಸೀಟಿ.

ಹಂತ 9: ಯಾರಾದರೂ ಸಿಲುಕಿದರೆ

ಇದನ್ನು ಪ್ರಿಂಟ್ ತೆಗೆದು ನೆಲದ ಪ್ಯಾನೆಲ್ ಹತ್ತಿರ ಅಂಟಿಸಿ.

1. ಸೀಟಿ. ಒಬ್ಬ 108ಕ್ಕೆ ಕರೆ, ನೆಲದವನು ನೇರ ಪ್ಯಾನೆಲ್‌ಗೆ.

2. ಬುಟ್ಟಿ ಇನ್ನೂ ಒತ್ತುತ್ತಿದ್ದರೆ ನೆಲದ ಕೆಂಪು ಬಟನ್ ಒತ್ತಿ. ಕೂಡಲೇ ಕೀ ಗ್ರೌಂಡ್‌ಗೆ ತಿರುಗಿಸಿ. ಇದರಿಂದ ಬುಟ್ಟಿಯ ಜಾಯ್‌ಸ್ಟಿಕ್‌ಗೆ ಅಧಿಕಾರ ಇರುವುದಿಲ್ಲ. ಆಮೇಲೆ ಬಟನ್ ಹೊರಗೆಳೆಯಿರಿ. ಬಟನ್ ಒಳಗೇ ಇದ್ದರೆ ಬಹುತೇಕ ಯಂತ್ರಗಳಲ್ಲಿ ಆಕ್ಸಿಲರಿಯೂ ನಡೆಯದು. ಗಾಬರಿಯಲ್ಲಿ ಇದನ್ನೇ ಮರೆತು ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ.

3. ಮೂರು ಸೆಕೆಂಡು ನೋಡಿ. ದೇಹ ಯಾವುದಕ್ಕೆ, ಯಾವ ಕಡೆಯಿಂದ ಒತ್ತಿದೆ? ಬದಿಯಿಂದ ಕಾಣುವ ಇನ್ನೊಬ್ಬನನ್ನು ನಿಲ್ಲಿಸಿ, ಅವನು ಹೇಳುವುದನ್ನು ಕೇಳಿ.

4. ಕೊನೆಯ ಚಲನೆಯನ್ನು ಉಲ್ಟಾ ಮಾಡಿ. ಎತ್ತುವಾಗ ಸಿಕ್ಕಿದ್ದರೆ ಅದೇ ಬೂಮನ್ನು ಇಳಿಸಿ; ತಿರುಗಿಸುವಾಗ ಸಿಕ್ಕಿದ್ದರೆ ಹಿಂದಕ್ಕೆ ತಿರುಗಿಸಿ. ಆರ್ಟಿಕ್ಯುಲೇಟಿಂಗ್ ಯಂತ್ರದಲ್ಲಿ ತಪ್ಪು ಬೂಮ್ ಇಳಿಸಿದರೆ ಬುಟ್ಟಿ ಕಮಾನಿನಲ್ಲಿ ಸುತ್ತಿ ಇನ್ನಷ್ಟು ಒತ್ತುತ್ತದೆ. ಟೆಲಿಸ್ಕೋಪ್ ಒಳಗೆಳೆದರೆ ದೇಹವನ್ನು ತೊಲೆಯ ಅಂಚಿಗೆ ಉಜ್ಜಿದಂತಾಗುತ್ತದೆ.

5. ಅತಿ ನಿಧಾನ ವೇಗದಲ್ಲಿ, ಸಣ್ಣ ಸಣ್ಣ ತುಣುಕುಗಳಲ್ಲಿ. ಮೊದಲ ಹತ್ತು ಸೆಂ.ಮೀ. ಆದ ಮೇಲೆ ನಿಂತು ನೋಡಿ. ಸಡಿಲವಾದರೆ ಸಾಕು, ಉಸಿರು ಬರುತ್ತದೆ. ಆಮೇಲೆ ಬುಟ್ಟಿಯನ್ನು ಉಕ್ಕಿನಿಂದ ಪೂರ್ತಿ ಹೊರಗೆ ತಂದು ಇಳಿಸಿ.

6. ಎಂಜಿನ್ ಹತ್ತದಿದ್ದರೆ, ಅಥವಾ ಬುಟ್ಟಿ ಉಕ್ಕಿಗೆ ಒತ್ತಿದ್ದರಿಂದ ಓವರ್‌ಲೋಡ್ ಸೆನ್ಸರ್ ಕಂಟ್ರೋಲ್ ಕಡಿದಿದ್ದರೆ ಆಕ್ಸಿಲರಿ ಪಂಪ್. ನಿಧಾನವಾಗಿ ನಡೆಯುತ್ತದೆ, ಗಾಬರಿಯಾಗಬೇಡಿ.

ಬುಟ್ಟಿಯಲ್ಲಿ ಇನ್ನೊಬ್ಬ ಇದ್ದರೆ ಅವನು ಸಿಲುಕಿದವನ ಕಾಲನ್ನು ಪೆಡಲ್‌ನಿಂದ ಎಳೆಯಬೇಕು. ಅದೊಂದೇ ಸಾಕು ಚಲನೆ ನಿಲ್ಲಲು. ತಾನೇ ಜಾಯ್‌ಸ್ಟಿಕ್ ಹಿಡಿಯಲು ಹೋಗಬಾರದು. ತೊಲೆ ಹತ್ತಿ ಮೇಲಿನಿಂದ ಬಿಡಿಸಲು ಯಾರೂ ಹೊರಡಬಾರದು, ಕ್ರೇನ್‌ನಿಂದ ಬುಟ್ಟಿ ಎಳೆಯಬಾರದು.

ಹಂತ 10: ಕೆಳಗೆ ತಂದ ಮೇಲೆ

ಉಸಿರು ಇದೆಯೇ ನೋಡಿ. ಇಲ್ಲದಿದ್ದರೆ ಸಿಪಿಆರ್ ಶುರು ಮಾಡಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಉಸಿರಿದ್ದರೆ ಕತ್ತು ಅಲುಗದಂತೆ ಅಂಗಾತ ಮಲಗಿಸಿ, ಹಾರ್ನೆಸ್‌ನ ಎದೆಪಟ್ಟಿ ಸಡಿಲಿಸಿ. ನೀರು, ಚಹಾ ಕೊಡಬೇಡಿ. ಎಬ್ಬಿಸಿ ನಡೆಸಬೇಡಿ.

ಆರಾಮಿದೀನ್ರೀ ಅಂತ ಅವನೇ ಹೇಳಬಹುದು, ದಿನಗೂಲಿ ಹೋಗುತ್ತದೆಂಬ ಹೆದರಿಕೆಗೆ ಹಾಗೆ ಹೇಳುವವರು ಕಡಿಮೆಯಿಲ್ಲ. ಆ ಮಾತು ಕೇಳಬೇಡಿ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿರಬಹುದು, ಲಿವರ್ ಅಥವಾ ಗುಲ್ಮದಲ್ಲಿ ಒಳಗೇ ರಕ್ತ ಜಿನುಗುತ್ತಿರಬಹುದು. ಗಂಟೆಗಳ ನಂತರ, ಖೋಲಿಯಲ್ಲಿ ಮಲಗಿದ್ದಾಗ ಕುಸಿಯುತ್ತಾರೆ. ಆಸ್ಪತ್ರೆಗೆ ಹೋಗಲೇಬೇಕು, ಜೊತೆಗೆ ಅವನ ಭಾಷೆ ಬಲ್ಲ ಒಬ್ಬ ಹೋಗಬೇಕು. ಎದೆ, ಹೊಟ್ಟೆ ಒತ್ತಲ್ಪಟ್ಟಿದೆ, ಇಷ್ಟು ನಿಮಿಷ ಎಂದು ಡಾಕ್ಟರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ಅವನು ಸ್ಪಷ್ಟವಾಗಿ ಹೇಳಬೇಕು. ಮೇಲಿನಿಂದ ಬಿದ್ದ ಅಂತ ಬಾಯಿತಪ್ಪಿ ಹೇಳಿದರೆ ಪರೀಕ್ಷೆಯ ದಿಕ್ಕೇ ಬೇರೆಯಾಗುತ್ತದೆ.

ಯಂತ್ರದ ಕೀ ತೆಗೆದು ಸುಪರ್‌ವೈಸರ್ ಇಟ್ಟುಕೊಳ್ಳಲಿ. ಇಂಥ ಹೊತ್ತಲ್ಲಿ ಮಾತ್ರ ಕೀ ಯಂತ್ರದಿಂದ ಹೊರಗಿರಬೇಕು. ಬುಟ್ಟಿ, ಪೆಡಲ್, ನಾಬ್ ಯಾವ ಸ್ಥಿತಿಯಲ್ಲಿದ್ದವು ಫೋಟೋ ತೆಗೆಯಿರಿ, ತೊಳೆಯಬೇಡಿ. ಪೆಡಲ್ ಕೆಳಗಿನ ಕಸವನ್ನೂ ಹಾಗೇ ಬಿಡಿ. ಸೆಕೆಂಡರಿ ಗಾರ್ಡ್ ಕೆಲಸ ಮಾಡಿತೇ, ಸೈರನ್ ಆಯಿತೇ ಎಂದು ಅಲ್ಲಿದ್ದ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ; ಬರೆದದ್ದನ್ನು ಅವರ ಭಾಷೆಯಲ್ಲಿ ಓದಿ ಹೇಳಿಯೇ ಸಹಿ ಹಾಕಿಸಿ. ತಯಾರಕರ ತಂತ್ರಜ್ಞ ಬಂದು ಪೆಡಲ್, ಜಾಯ್‌ಸ್ಟಿಕ್, ಲೋಡ್ ಸೆನ್ಸರ್, ಬುಟ್ಟಿಯ ವೆಲ್ಡಿಂಗ್ ಪರೀಕ್ಷಿಸಿ ಬರೆದುಕೊಡುವವರೆಗೆ ಆ ಯಂತ್ರದಲ್ಲಿ ಯಾರೂ ಮೇಲೆ ಹೋಗಬಾರದು. ಅದೇ ಜಾಯಿಂಟ್‌ಗೆ ಇನ್ನೊಂದು ಯಂತ್ರ ತರಿಸುವ ಮೊದಲು ಹಂತ 1ರ ಡ್ರಾಯಿಂಗ್ ಮತ್ತೆ ಬಿಚ್ಚಿ, ಬುಟ್ಟಿಯ ದಾರಿಯನ್ನು ಹೊಸದಾಗಿ ಗುರುತು ಹಾಕಿ.